ಹೋಗುವಾಗ ಒಂದೂಮುಕ್ಕಾಲು ಗಂಟೆ, ಬರುವಾಗ ನಾಲ್ಕೂವರೆ!

ಸಂಘದ ಕಾರ್ಯದರ್ಶಿಗಳು ನನ್ನನ್ನು ಕ್ಯಾಂಟೀನಿನಲ್ಲಿ ಹಿಡಿದು, "ಏನಾದರೂ ಬರೆದುಕೊಡು ಮಾರಾಯ, ಕವನ ಮಾತ್ರ ಬೇಡ, ಆಗಲೇ ರಾಶಿ ಬಿದ್ದಿದೆ" ಎಂದರು. ನಾನು ಕಾಮರ್ಸಿನವನು. ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಕವನವಂತೂ ನನ್ನಿಂದ ಆಗದು, ಕತೆಯೂ ಅಷ್ಟಕ್ಕಷ್ಟೆ. ಗೊತ್ತಿರುವುದು ಲೆಕ್ಕ ಒಂದೇ. ಆ ಲೆಕ್ಕವನ್ನೂ ನಾನು ಒಮ್ಮೆ ಎಂಥ ಹೊತ್ತಿನಲ್ಲಿ ತಪ್ಪಿದೆ ಎಂಬುದನ್ನು ಹೇಳಿಕೊಂಡರೆ ನಿಮ್ಮಲ್ಲಿ ಕೆಲವರಿಗಾದರೂ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅಪ್ಪಯ್ಯ ದುಬೈಯಲ್ಲಿ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಎರಡು ವರ್ಷಕ್ಕೊಮ್ಮೆ ರಜೆ. ಕಳೆದ ಸಲ ಬರುವ ಮುಂಚೆ ಹೋಗಿ ಬರುವ ಎರಡೂ ಟಿಕೇಟಿನ ಪ್ರತಿ ಕಳಿಸಿದ್ದರು. ಅಮ್ಮ ಅದನ್ನು ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ದೇವರ ಫೋಟೋದ ಪಕ್ಕದಲ್ಲಿ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದಳು. ದಿನಾ ನೋಡಿ ನೋಡಿ ಒಂದು ದಿನ ಕೇಳಿದಳು:

"ಬಪ್ಪುಕೆ ನಾಲ್ಕೂವರಿ ಗಂಟಿ, ಹೋಪುಕೆ ಒಂದೂಮುಕ್ಕಾಲ್ ಗಂಟಿ! ದಾರಿ ಒಂದೇ ಅಲ್ದಾ ಮಗಾ?"

ನೋಡಿದರೆ ಹೌದು. ದುಬೈಯಿಂದ ಹೊರಡುವುದು ರಾತ್ರಿ 10-00, ಮುಂಬಯಿ ತಲುಪುವುದು 2-25. ಅಂದರೆ 4 ಗಂಟೆ 25 ನಿಮಿಷ. ವಾಪಸು ಹೋಗುವಾಗ ಮುಂಬಯಿಯಿಂದ 12-35, ದುಬೈ ತಲುಪುವುದು 2-20. ಅಂದರೆ 1 ಗಂಟೆ 45 ನಿಮಿಷ. ಕಾಲೇಜಿಗೆ ಹೋಗುವ ಮಗ "ಗೊತ್ತಿಲ್ಲ" ಎನ್ನುವುದುಂಟೇ? ನಾನು ಗಂಭೀರವಾಗಿ, "ಹೋಗುವಾಗ ಗಾಳಿ ಹಿಂದಿನಿಂದ ನೂಕುತ್ತದೆ ಅಮ್ಮ, ಬರುವಾಗ ಎದುರಿಗೆ ಬರುತ್ತದೆ" ಎಂದುಬಿಟ್ಟೆ. ಅಮ್ಮ ನಂಬಿದಳು. ನಾನು ಹೇಳಿದ್ದು ಪೂರ್ತಿ ತಿರುಗುಮುರುಗು ಎಂದು ನನಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅದೇ ಟಿಕೇಟು ನಮಗೆ ಇನ್ನೊಂದು ಪಾಠ ಕಲಿಸಿಯಾಗಿತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ದೂರದ ಲೆಕ್ಕ.

ದೂರ ಎಷ್ಟು?

ದೂರ ತಿಳಿಯಲು ಬೇಕಾದ್ದು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ಎರಡು ಶಬ್ದ: ಅಕ್ಷಾಂಶ, ರೇಖಾಂಶ. ಮುಂಬಯಿ ವಿಮಾನ ನಿಲ್ದಾಣ ಇರುವುದು ಸುಮಾರು 19.09 ಡಿಗ್ರಿ ಉತ್ತರ ಅಕ್ಷಾಂಶ, 72.87 ಡಿಗ್ರಿ ಪೂರ್ವ ರೇಖಾಂಶದಲ್ಲಿ. ದುಬೈಯದು 25.25 ಉತ್ತರ, 55.36 ಪೂರ್ವ. ಕಳೆದು ನೋಡಿದರೆ ದುಬೈ ನಮಗಿಂತ 6.16 ಡಿಗ್ರಿ ಉತ್ತರಕ್ಕೂ 17.51 ಡಿಗ್ರಿ ಪಶ್ಚಿಮಕ್ಕೂ ಇದೆ.

ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ಆದ್ದರಿಂದ ಉತ್ತರಕ್ಕೆ ಸರಿದದ್ದು ಸುಮಾರು 684 ಕಿ.ಮೀ. ರೇಖಾಂಶದ ಡಿಗ್ರಿ ಮಾತ್ರ ಎಲ್ಲ ಕಡೆ ಒಂದೇ ಅಲ್ಲ. ಕಿತ್ತಳೆ ಹಣ್ಣು ಬಿಡಿಸಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ತೊಳೆ ನಡುವಿನಲ್ಲಿ ಅಗಲ, ತೊಟ್ಟಿನ ಕಡೆಗೆ ಹೋದಂತೆ ಸಪೂರ. ಸಮಭಾಜಕದಲ್ಲಿ 111 ಕಿ.ಮೀ. ಇರುವ ರೇಖಾಂಶದ ಡಿಗ್ರಿ ನಮ್ಮ ಈ ದಾರಿಯ ನಡುಮಧ್ಯೆ, ಅಂದರೆ 22 ಡಿಗ್ರಿ ಅಕ್ಷಾಂಶದ ಹತ್ತಿರ, ಸುಮಾರು 103 ಕಿ.ಮೀ.ಗೆ ಇಳಿದಿರುತ್ತದೆ. ಹಾಗಾಗಿ ಪಶ್ಚಿಮಕ್ಕೆ ಸರಿದದ್ದು ಸುಮಾರು 1,803 ಕಿ.ಮೀ.

ಇನ್ನು ಪೈಥಾಗೊರಸ್ ಇದ್ದೇ ಇದ್ದಾನಲ್ಲ. ಎರಡು ಬಾಹುಗಳ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. ಸುಮಾರು 1,928 ಕಿ.ಮೀ. ಬರುತ್ತದೆ. ವಿಮಾನದವರು ಕಿ.ಮೀ. ಬಿಟ್ಟು ನಾಟಿಕಲ್ ಮೈಲಿನಲ್ಲಿ ಲೆಕ್ಕ ಇಡುತ್ತಾರೆ. ಒಂದು ನಾಟಿಕಲ್ ಮೈಲು 1.852 ಕಿ.ಮೀ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದರೆ, ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲು ಹೆಚ್ಚುಕಡಮೆ ಅಷ್ಟೇ ಉದ್ದ. ಆ ಲೆಕ್ಕದಲ್ಲಿ ಮುಂಬಯಿ–ದುಬೈ ಸುಮಾರು 1,040 ನಾಟಿಕಲ್ ಮೈಲು.

"ಭೂಮಿ ಗುಂಡಗಿದೆ, ಪೈಥಾಗೊರಸ್ ಚಪ್ಪಟೆ ಕಾಗದದವನು, ಹೇಗೆ ಸರಿಯಾದೀತು?" ಎಂದು ವಿಜ್ಞಾನದ ಮಿತ್ರರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಷ್ಟು ಹತ್ತಿರದ ಊರುಗಳಿಗೆ ವ್ಯತ್ಯಾಸ ಒಂದೆರಡು ಕಿ.ಮೀ. ಮಾತ್ರ. ದೂರದ ಊರಿಗಾದರೆ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿ ಗ್ಲೋಬಿನ ಮೇಲೆ ದಾರ ಎಳೆದು ಬಿಗಿಹಿಡಿಯಬೇಕು. ದಾರ ಯಾವ ದಾರಿಯಲ್ಲಿ ಕೂರುತ್ತದೋ ಅದೇ ಅತಿ ಹತ್ತಿರದ ದಾರಿ. ಇದಕ್ಕೆ ಮಹಾವೃತ್ತ ಎಂದು ಹೆಸರು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ಇಳಿಯದೆ ವಿಮಾನ ತಂದದ್ದು ನೆನಪಿರಬಹುದು. ಅವರು ಬಂದದ್ದು ಉತ್ತರ ಧ್ರುವದ ಮೇಲಿನಿಂದ. ಗೋಡೆಯ ನಕ್ಷೆ ನೋಡಿದರೆ ಸುತ್ತುದಾರಿ ಅನಿಸುತ್ತದೆ. ದಾರ ಹಿಡಿದು ನೋಡಿ, ಅದೇ ಹತ್ತಿರ!

ನಮ್ಮ ಕಾಲೇಜಿನ ಲೈಬ್ರರಿಯ ಮೂಲೆಯಲ್ಲಿ ಧೂಳು ಹಿಡಿದ ಒಂದು ಗ್ಲೋಬಿದೆ. 30 ಸೆಂ.ಮೀ. ವ್ಯಾಸದ ಅಂಥ ಗ್ಲೋಬಿನಲ್ಲಿ ಒಂದು ಸೆಂ.ಮೀ. ಎಂದರೆ ಸುಮಾರು 425 ಕಿ.ಮೀ. ಮುಂಬಯಿಯಿಂದ ದುಬೈಗೆ ದಾರ ಇಟ್ಟರೆ ನಾಲ್ಕೂವರೆ ಸೆಂ.ಮೀ. ಬಂತು. ನನ್ನ ಹೆಬ್ಬೆರಳಿನಷ್ಟೂ ಉದ್ದವಿಲ್ಲ. ಎರಡು ವರ್ಷ ಮುಖ ಕಾಣದ ಅಪ್ಪಯ್ಯ ಇರುವುದು ಇಷ್ಟೇ ದೂರದಲ್ಲೇ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಗಡಿಯಾರದ ಜಮಾ-ಖರ್ಚು

ಈಗ ಅಮ್ಮನ ಪ್ರಶ್ನೆಗೆ ಬರೋಣ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಒಂದು ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಇದನ್ನು ನಮ್ಮ ಕನ್ನಡ ಶಾಲೆಯ ಮೇಷ್ಟ್ರು ರಾಗವಾಗಿ ಹೇಳಿಸುತ್ತಿದ್ದರು. ಹಾಡಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ.

ದುಬೈ ನಮಗಿಂತ 17.51 ಡಿಗ್ರಿ ಪಶ್ಚಿಮಕ್ಕಿದೆ. ನಾಲ್ಕರಿಂದ ಗುಣಿಸಿದರೆ 70 ನಿಮಿಷ. ನಮ್ಮ ತಲೆಯ ಮೇಲೆ ಬಂದ ಸೂರ್ಯ ಅಪ್ಪಯ್ಯನ ತಲೆಯ ಮೇಲೆ ಬರುವುದು 70 ನಿಮಿಷ ತಡವಾಗಿ. ಆದರೆ ಗಡಿಯಾರಗಳ ವ್ಯತ್ಯಾಸ 70 ಅಲ್ಲ, 90 ನಿಮಿಷ! ಉಳಿದ 20 ನಿಮಿಷ ಎಲ್ಲಿಂದ ಬಂತು?

ಅದು ಸೂರ್ಯ ಕೊಟ್ಟದ್ದಲ್ಲ, ಸರ್ಕಾರಗಳು ಕೊಟ್ಟದ್ದು. ಭಾರತಕ್ಕೆಲ್ಲ ಒಂದೇ ಸಮಯ. ಅದನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿದ್ದಾರೆ. ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ರೇಖೆ ಅದು. ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ. ಮುಂಬಯಿ ಆ ರೇಖೆಯಿಂದ ಪಶ್ಚಿಮಕ್ಕಿರುವುದರಿಂದ ನಮ್ಮ ಸೂರ್ಯ ನಮ್ಮ ಗಡಿಯಾರಕ್ಕಿಂತ ಸುಮಾರು 39 ನಿಮಿಷ ಹಿಂದೆ. ದುಬೈಯವರು 60 ಡಿಗ್ರಿಯ ಸಮಯ, ಅಂದರೆ ಗ್ರೀನ್‌ವಿಚ್‌ಗಿಂತ ನಾಲ್ಕು ಗಂಟೆ ಮುಂದಿನದು, ಇಟ್ಟುಕೊಂಡಿದ್ದಾರೆ. ಅವರ ಸೂರ್ಯ ಅವರ ಗಡಿಯಾರಕ್ಕಿಂತ ಸುಮಾರು 19 ನಿಮಿಷ ಹಿಂದೆ. 39ರಲ್ಲಿ 19 ಕಳೆದರೆ 20. ತಾಳೆಯಾಯಿತಲ್ಲ!

ಇನ್ನೊಂದು ಸ್ವಾರಸ್ಯ. ಭಾರತೀಯ ಸಮಯ 1906ರಲ್ಲೇ ಜಾರಿಗೆ ಬಂದರೂ ನಮ್ಮ ಈ ಮುಂಬಯಿ ಹಟ ಹಿಡಿದು ತನ್ನದೇ "ಬಾಂಬೆ ಟೈಂ" ಇಟ್ಟುಕೊಂಡಿತ್ತು, ಸರಿಯಾಗಿ ಆ 39 ನಿಮಿಷ ಹಿಂದೆ. 1955ರವರೆಗೂ ಅದು ನಡೆಯಿತು. ಈಗಲೂ ಅದೇ ಇದ್ದಿದ್ದರೆ ಅಪ್ಪಯ್ಯನಿಗೂ ನಮಗೂ ಒಂದು ಗಂಟೆಯೂ ಅಂತರ ಇರುತ್ತಿರಲಿಲ್ಲ.

ಈಗ ಕಾಮರ್ಸಿನವರ ಭಾಷೆಯಲ್ಲಿ ಹೇಳುತ್ತೇನೆ. ದುಬೈಗೆ ಹೋಗುವಾಗ ಪ್ರಯಾಣಿಕನ ಖಾತೆಗೆ ಒಂದೂವರೆ ಗಂಟೆ ಜಮಾ ಆಗುತ್ತದೆ. ಬರುವಾಗ ಅದೇ ಒಂದೂವರೆ ಗಂಟೆ ಖರ್ಚು. ಹೋಗುವ 1-45ಕ್ಕೆ 1-30 ಕೂಡಿಸಿ: 3 ಗಂಟೆ 15 ನಿಮಿಷ. ಬರುವ 4-25ರಲ್ಲಿ 1-30 ಕಳೆಯಿರಿ: 2 ಗಂಟೆ 55 ನಿಮಿಷ. ಅಮ್ಮನಿಗೆ ಕಂಡ ದೊಡ್ಡ ವ್ಯತ್ಯಾಸವೆಲ್ಲ ಗಡಿಯಾರದ ಮಾಯೆ. ಗಡಿಯಾರ ತೆಗೆದುಹಾಕಿ ನೋಡಿದರೆ ಹೋಗುವುದೇ 20 ನಿಮಿಷ ಹೆಚ್ಚು!

ಒಂದು ಸುಲಭ ಉಪಾಯವೂ ಇದೆ. ಸಮಯದ ಅಂತರ ಎಷ್ಟೆಂದು ಗೊತ್ತಿಲ್ಲದಿದ್ದರೆ ಹೋಗುವ, ಬರುವ ಎರಡೂ ಗಡಿಯಾರದ ಅವಧಿಗಳನ್ನು ಕೂಡಿಸಿ ಅರ್ಧ ಮಾಡಿ. 1-45, 4-25 ಕೂಡಿದರೆ 6-10, ಅರ್ಧ 3-05. ಜಮಾ-ಖರ್ಚು ಒಂದಕ್ಕೊಂದು ಹೊಡೆದುಹೋಗಿ ಸರಾಸರಿ ಪ್ರಯಾಣದ ಸಮಯ ಉಳಿಯುತ್ತದೆ.

ಹಾಗಾದರೆ ಆ 20 ನಿಮಿಷ?

ಇಲ್ಲಿ ಬಹಳ ಜನ ಒಂದು ವಾದ ಹೂಡುತ್ತಾರೆ. ನಮ್ಮ ತರಗತಿಯಲ್ಲೂ ಹೂಡಿದರು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಮುಂಬಯಿಯ ನೆಲವೇ ಗಂಟೆಗೆ ಸುಮಾರು 1,575 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ವಿಮಾನ ಮೇಲೆ ಹಾರಿ ಸುಮ್ಮನೆ ನಿಂತರೂ ದುಬೈ ತಾನಾಗಿ ಕೆಳಗೆ ಬರಬೇಕಲ್ಲ?

ಬರುವುದಿಲ್ಲ. ಓಡುವ ಲೋಕಲ್ ಗಾಡಿಯಲ್ಲಿ ನಿಂತು ಒಂದು ರೂಪಾಯಿ ನಾಣ್ಯ ಮೇಲಕ್ಕೆ ಎಸೆದು ನೋಡಿ (ಜನ ಕಡಮೆ ಇರುವ ಹೊತ್ತು ನೋಡಿಕೊಳ್ಳಿ, ಬೆಳಿಗ್ಗೆ 8-30ರ ಡೊಂಬಿವಲಿಯಲ್ಲಿ ಬೇಡ!). ನಾಣ್ಯ ಹಿಂದಿನ ಬೋಗಿಗೆ ಹೋಗುವುದಿಲ್ಲ, ನಿಮ್ಮ ಕೈಗೇ ಬರುತ್ತದೆ. ಗಾಡಿಯ ಜೊತೆ ನಾಣ್ಯವೂ ಓಡುತ್ತಿರುತ್ತದೆ. ಹಾಗೆಯೇ ಭೂಮಿಯ ಜೊತೆ ಅದರ ಗಾಳಿಯೂ ತಿರುಗುತ್ತದೆ, ಗಾಳಿಯೊಳಗಿನ ವಿಮಾನವೂ ತಿರುಗುತ್ತದೆ.

ವ್ಯತ್ಯಾಸ ತರುವುದು ಗಾಳಿ ಭೂಮಿಗಿಂತ ಸ್ವಲ್ಪ ಮುಂದೋಡಿದಾಗ. ವಿಮಾನಗಳು ಹಾರುವ ಹತ್ತು-ಹನ್ನೆರಡು ಕಿ.ಮೀ. ಎತ್ತರದಲ್ಲಿ, ನಮ್ಮ ಉತ್ತರ ಭಾಗದ ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಇನ್ನೂ ಜೋರು. ಇದನ್ನು ಜೆಟ್ ಪ್ರವಾಹ ಎನ್ನುತ್ತಾರೆ. ಮಳೆಗಾಲದಲ್ಲಿ ಈ ಪಶ್ಚಿಮದ ಗಾಳಿ ಉತ್ತರಕ್ಕೆ ಸರಿದುಬಿಡುತ್ತದೆ, ದಕ್ಷಿಣ ಭಾರತದ ಮೇಲೆ ಬಹು ಎತ್ತರದಲ್ಲಿ ಪೂರ್ವದ ಗಾಳಿಯೇ ಬೀಸುತ್ತದೆ. ಆಗ ಹೋಗುವ ಬರುವ ಸಮಯದ ಅಂತರವೂ ಕಿರಿದಾಗುತ್ತದೆ.

ಲೆಕ್ಕ ಹಾಕೋಣ. ಗಾಳಿಯಿಲ್ಲದಿದ್ದರೆ ವಿಮಾನದ ವೇಗ ಗಂಟೆಗೆ 850 ಕಿ.ಮೀ. ಎಂದಿಟ್ಟುಕೊಳ್ಳಿ. ಪಶ್ಚಿಮದ ಗಾಳಿ 50 ಕಿ.ಮೀ. ಇದ್ದರೆ ಹೋಗುವಾಗ ನೆಲದ ಮೇಲಿನ ವೇಗ 800, ಬರುವಾಗ 900. ಹೋಗಲು 2 ಗಂಟೆ 25 ನಿಮಿಷ, ಬರಲು 2 ಗಂಟೆ 9 ನಿಮಿಷ. ಅಂತರ 16 ನಿಮಿಷ. ಗಾಳಿ 100 ಕಿ.ಮೀ. ಆದರೆ ಅಂತರ 32 ನಿಮಿಷಕ್ಕೆ ಹೋಗುತ್ತದೆ. ಟಿಕೇಟಿನ 20 ನಿಮಿಷ ಇವೆರಡರ ನಡುವೆ ಸರಿಯಾಗಿ ಕೂತಿತು. ಇನ್ನೊಂದು ಮಾತು: ಹೋಗುವಾಗ ಕಳೆದದ್ದು ಬರುವಾಗ ಪೂರ್ತಿ ವಾಪಸು ಬರುವುದಿಲ್ಲ. ಶೇಕಡಾ ಹತ್ತು ಬೆಲೆ ಏರಿಸಿ ಮತ್ತೆ ಶೇಕಡಾ ಹತ್ತು ಇಳಿಸಿದರೆ ಮೊದಲಿನ ಬೆಲೆ ಬಾರದ ಹಾಗೆ. ಎದುರು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ಹಿಂದಿನ ಗಾಳಿಯಲ್ಲಿ ಕಡಮೆ ಹೊತ್ತು. ಗಾಳಿ ಇದ್ದರೆ ಒಟ್ಟಿನಲ್ಲಿ ನಷ್ಟವೇ.

ಇದನ್ನು ಅಜ್ಜಿಗೆ ಹೇಳಿದಾಗ ಅವಳು ಆಶ್ಚರ್ಯಪಡಲಿಲ್ಲ. "ಹಿಂದೆ ಮಂಜಿಯವ್ರೂ ಗಾಳಿ ಕಂಡೇ ಹೊರಡ್ತಿದ್ರ್" ಎಂದಳು. ಹೌದಲ್ಲ! ನಮ್ಮ ಕರಾವಳಿಯಿಂದ ಅರಬರ ನಾಡಿಗೆ ಹಾಯಿಕಟ್ಟಿ ಹೋಗುತ್ತಿದ್ದ ಮಂಜಿಗಳು ಚಳಿಗಾಲದ ಈಶಾನ್ಯ ಗಾಳಿ ಹಿಡಿದು ಹೋಗಿ, ಗಾಳಿ ನೈರುತ್ಯಕ್ಕೆ ತಿರುಗಿದ ಮೇಲೆ ಬರುತ್ತಿದ್ದವು. ಆಗ ಗಾಳಿಗಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು, ಈಗ ಇಪ್ಪತ್ತು ನಿಮಿಷದ ಮಾತು. ಗಾಳಿಗೆ ತೆರಬೇಕಾದ ಸುಂಕ ಮಾತ್ರ ತಪ್ಪಿಲ್ಲ.

ಮೂರು ಗಂಟೆಯ ಒಳಗೆ ಏನೇನಿದೆ?

ಹಾರಲು 2-25 ಸಾಕಾದರೆ ಟಿಕೇಟಿನಲ್ಲಿ 3-15 ಏಕೆ? ಟಿಕೇಟಿನ ಸಮಯ ಎಂದರೆ ವಿಮಾನ ಒಂದು ಊರಿನಲ್ಲಿ ನಿಂತ ಜಾಗ ಬಿಟ್ಟು ಇನ್ನೊಂದು ಊರಿನಲ್ಲಿ ನಿಲ್ಲುವವರೆಗಿನ ಸಮಯ. ರನ್‌ವೇ ತನಕ ತೆವಳಿಕೊಂಡು ಹೋಗಬೇಕು, ಸರದಿಯಲ್ಲಿ ನಿಲ್ಲಬೇಕು. ಮುಂಬಯಿಯ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಯಂತೆ ದಾಟುವುದರಿಂದ ಎರಡನ್ನೂ ಒಟ್ಟಿಗೆ ಬಳಸಲಾಗದು, ಸರದಿ ಉದ್ದ. ಮೇಲೇರುವಾಗ, ಇಳಿಯುವಾಗ ಪೂರ್ತಿ ವೇಗವಿಲ್ಲ. ದಾರಿಯೂ ದಾರದಷ್ಟು ನೇರವಿರದು. ಕೆಲವೊಮ್ಮೆ ದೇಶಗಳ ಜಗಳವೂ ದಾರಿ ಬದಲಿಸುತ್ತದೆ. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ದಕ್ಷಿಣಕ್ಕೆ ಸುತ್ತಿ ಸಮುದ್ರದ ಮೇಲೆ ಹೋಗಬೇಕಾಯಿತು. ಊರು ಅಲ್ಲೇ ಇತ್ತು, ಹೊತ್ತು ಹೆಚ್ಚಾಯಿತು.

ನಮ್ಮೂರು ಕುಂದಾಪುರ ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 640 ಕಿ.ಮೀ. ದುಬೈ ಅದರ ಮೂರು ಪಾಲು ದೂರ. ಆದರೆ ಊರಿಗೆ ಕೊಂಕಣ ರೈಲಿನಲ್ಲಿ ಒಂದು ರಾತ್ರಿ ಪೂರ್ತಿ ಬೇಕು. ಹಾಗಾದರೆ ಯಾವುದು ಹತ್ತಿರ? ನನ್ನನ್ನು ಕೇಳಿದರೆ, ಮನಸ್ಸಾದಾಗ ಎದ್ದು ಹೋಗಬಹುದಾದ ಊರು ಹತ್ತಿರ. ಅಪ್ಪಯ್ಯನಿಗೆ ಮೂರು ಗಂಟೆಯ ದಾರಿ ಇದೆ, ರಜೆ ಇಲ್ಲ.

ಕೊನೆಯದಾಗಿ, ತಾರೀಖು

ಈಗ ಮೊದಲು ಹೇಳದೆ ಬಿಟ್ಟದ್ದು. ಅಪ್ಪಯ್ಯನ ವಾಪಸು ಟಿಕೇಟಿನ ಮೇಲೆ 14ನೇ ತಾರೀಖು, 00-35 ಎಂದಿತ್ತು. ಮನೆಯಲ್ಲಿ ಟಿಕೇಟು ಓದುವವನು ನಾನೇ. "14ರ ರಾತ್ರಿ ಹನ್ನೆರಡೂವರೆಗೆ" ಎಂದೆ. ಎಲ್ಲರೂ ಒಪ್ಪಿದರು.

ದಿನ ಹುಟ್ಟುವುದು ಸೂರ್ಯ ಹುಟ್ಟಿದಾಗ ಎಂಬುದು ನಮ್ಮ ಹಿರಿಯರ ಲೆಕ್ಕ. ಅಜ್ಜಿಯ ಪಂಚಾಂಗದಲ್ಲಿ ಬೆಳಗಿನ ಜಾವದವರೆಗೂ ಹಿಂದಿನ ದಿನವೇ. ಟಿಕೇಟಿನ ಲೆಕ್ಕದಲ್ಲಿ ದಿನ ಹುಟ್ಟುವುದು ನಡುರಾತ್ರಿ ಹನ್ನೆರಡಕ್ಕೆ. 14ರ 00-35 ಎಂದರೆ 13ರ ರಾತ್ರಿ ಊಟ ಮುಗಿಸಿ ಮನೆ ಬಿಡಬೇಕು. ನಾವು 14ರ ರಾತ್ರಿ ಚೀಲ ಹೊತ್ತುಕೊಂಡು ಹೋದೆವು. ಬಾಗಿಲಲ್ಲಿ ನಿಂತವನು ಟಿಕೇಟು ನೋಡಿ, ನಮ್ಮ ಮುಖ ನೋಡಿ, "ಇದು ನಿನ್ನೆಯೇ ಹೋಯಿತು" ಎಂದ.

ಹೊಸ ಟಿಕೇಟಿಗೆ ಅಮ್ಮನ ಚೀಟಿ ಹಣ ಹೋಯಿತು. ಅಪ್ಪಯ್ಯ ಎರಡು ದಿನ ತಡವಾಗಿ ಕೆಲಸಕ್ಕೆ ಹಾಜರಾಗಿ ಸಂಬಳ ಕತ್ತರಿಸಿಕೊಂಡರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ. ವಾಪಸು ಬರುವಾಗ ರಿಕ್ಷಾದಲ್ಲಿ ನನ್ನ ಹೆಗಲ ಮೇಲೆ ಕೈಹಾಕಿ, "ಆಯ್ತ್ ಬಿಡಾ. ಒಂದ್ ದಿನ ಹೆಚ್ಚಿಗೆ ಮನೆಯಗ್ ಇದ್ದೆ" ಎಂದರು.

ಆ ದಿನ ನೆನಪು ಮಾಡಿಕೊಂಡೆ. 14ರಂದು ಬೆಳಿಗ್ಗೆ ಅಪ್ಪಯ್ಯ ತಾವೇ ಹೋಗಿ ಬಂಗುಡೆ ತಂದಿದ್ದರು. ಮಧ್ಯಾಹ್ನ ಎಲ್ಲರೂ ನೆಲದ ಮೇಲೆ ಕೂತು ಉಂಡೆವು. ತಂಗಿ ಅವರ ಪಕ್ಕದಲ್ಲೇ ಮಲಗಿ ನಿದ್ದೆ ಹೋದಳು. ಅವರ ವಿಮಾನ ದುಬೈ ಮುಟ್ಟಿ ಆಗಲೇ ಎಷ್ಟೋ ಹೊತ್ತಾಗಿತ್ತು. ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಆದ್ದರಿಂದ ಮಿತ್ರರೇ, ನಿಮ್ಮ ಮನೆಯಲ್ಲೂ ಯಾರಾದರೂ ಕಡಲಾಚೆ ಇದ್ದರೆ, ಟಿಕೇಟು ಓದುವ ಕೆಲಸ ನಿಮ್ಮ ಪಾಲಿಗೆ ಬಂದಿದ್ದರೆ, ಮೂರು ಮಾತು ನೆನಪಿಡಿ. ಹೊರಡುವ ಸಮಯ ಹೊರಡುವ ಊರಿನ ಗಡಿಯಾರದ್ದು, ತಲುಪುವ ಸಮಯ ತಲುಪುವ ಊರಿನ ಗಡಿಯಾರದ್ದು. ಪಶ್ಚಿಮಕ್ಕೆ ಹೋದರೆ ಕೂಡಿಸಿ, ಪೂರ್ವಕ್ಕೆ ಬಂದರೆ ಕಳೆಯಿರಿ. ಸಮಯ 00 ಎಂದು ಶುರುವಾಗಿದ್ದರೆ ಹಿಂದಿನ ದಿನದ ತಾರೀಖಿಗೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ.

ಅಮ್ಮನಿಗೆ ಗಾಳಿಯ ವಿಷಯ ತಿರುಗುಮುರುಗಾಗಿ ಹೇಳಿದ್ದನ್ನು ಆಮೇಲೆ ಸರಿಪಡಿಸಿದೆ. ಪೂರ್ತಿ ಕೇಳಿಕೊಂಡು, "ಅಂದ್ರೆ ಮನೆಗ್ ಬಪ್ಪತಿಗೆ ಗಾಳಿ ನೂಕತ್ತ್, ಅಲ್ದಾ?" ಎಂದಳು.

ಹೌದು ಎಂದೆ. ಈ ಸಲ ಲೆಕ್ಕ ಸರಿಯಾಗಿತ್ತು.